ಎಚ್ಚರಿಕೆ ಯಾರ ಕೈಗೆ ತಲುಪುತ್ತಿದೆ?

ಕೇಳುಗರಿಗೆ ನಮಸ್ಕಾರ. ಸಹಕಾರ ಸಂಘ, ಕಾಲೇಜು, ನರ್ಸಿಂಗ್ ಹೋಮ್‌ಗಳಲ್ಲಿ ಸರ್ವರ್ ನೋಡಿಕೊಳ್ಳುವವರೊಡನೆ ಇಂದು ನನ್ನ ಮಾತು. ಬಹಳ ಕಡೆ ಲೆಕ್ಕ ಬರೆಯುವವರ ಹೆಗಲಿಗೇ ಈ ಕೆಲಸವೂ ಬಿದ್ದಿರುತ್ತದೆ. ನಾನು ಹೇಳಬೇಕಾದದ್ದು ಇಷ್ಟೇ: ಡಿಸ್ಕ್ ಕೆಡುವ ಮುನ್ನ ಸೂಚನೆ ಕೊಡುತ್ತದೆ; ಆ ಸೂಚನೆ ಕೆಲಸದಲ್ಲಿರುವ ಒಬ್ಬರ ಕಣ್ಣಿಗೆ ಬೀಳಲಿ.

ಪ್ರತಿ ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಈ ವ್ಯವಸ್ಥೆಯ ಹೆಸರು ಸ್ಮಾರ್ಟ್. 1990ರ ದಶಕದಿಂದಲೂ ಇದೆ. ಅದರ ಪಟ್ಟಿಯಲ್ಲಿ 5 ಮತ್ತು 197 ಎಂಬ ಸಂಖ್ಯೆಯ ಸಾಲುಗಳನ್ನು ನೋಡಿ. ಡಿಸ್ಕ್ ಮಾಹಿತಿ ಬರೆದಿಡುವ ಪುಟ್ಟ ಪುಟ್ಟ ಜಾಗಗಳೇ ಸೆಕ್ಟರ್‌ಗಳು. ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರ್‌ಗಳು 5ರಲ್ಲಿ, ಓದಲಾಗದೆ ತೀರ್ಮಾನಕ್ಕೆ ಕಾದಿರುವವು 197ರಲ್ಲಿ. ಎರಡರ ಕೊನೆಯ ಅಂಕಣದಲ್ಲೂ ಸೊನ್ನೆ ಇರಬೇಕು. ಏರತೊಡಗಿತೇ? ಹೊಸ ಡಿಸ್ಕ್ ತರಿಸಿ. ಗೂಗಲ್‌ನವರು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಮೊದಲ ಸ್ಕ್ಯಾನ್ ದೋಷ, ಅಂದರೆ ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಸಿಕ್ಕ ದೋಷ, ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿದೆ.

ಒಂದು ಪತ್ತಿನ ಸಹಕಾರ ಸಂಘದಿಂದ ನನಗೆ ಕರೆ ಬಂತು. ಬೆಳಿಗ್ಗೆಯಿಂದ ಸರ್ವರ್ ಏಳುತ್ತಿಲ್ಲ, ಕೌಂಟರಿನ ಮುಂದೆ ಜನ ನಿಂತಿದ್ದಾರೆ. ಅಲ್ಲಿದ್ದದ್ದು ಜೋಡಿ ಡಿಸ್ಕ್, ಒಂದರದ್ದೇ ಪಡಿಯಚ್ಚು ಇನ್ನೊಂದು. ಮೊದಲನೆಯದು ಗಣೇಶನ ಹಬ್ಬಕ್ಕೂ ಮುಂಚೆಯೇ ನಿಂತುಹೋಗಿತ್ತು. ಸಂಘ ನಡೆಯುತ್ತಿದ್ದದ್ದು ಎರಡನೆಯದರ ಮೇಲೆ. ಈಗ ಅದೂ ಹೋಯಿತು. ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲವೇ ಎಂದು ಕೇಳಿದೆ. ಇತ್ತು, ಸರಿಯಾಗಿಯೇ ಕೆಲಸ ಮಾಡುತ್ತಿತ್ತು! ಆದರೆ ಇಮೇಲ್ ಹೋಗುತ್ತಿದ್ದದ್ದು ಬೇರೆ ಶಾಖೆಗೆ ವರ್ಗವಾಗಿದ್ದ ಗುಮಾಸ್ತರ ಹಳೆಯ ವಿಳಾಸಕ್ಕೆ. ಆ ಪೆಟ್ಟಿಗೆ ತೆರೆಸಿದೆವು. ‘8 ಸೆಕ್ಟರ್ ಓದಲಾಗುತ್ತಿಲ್ಲ’ ಎಂಬ ಪತ್ರ, ಮರುದಿನ ಮತ್ತೆ ಅದೇ, ಅದರ ಮರುದಿನವೂ. ಒಂದನ್ನೂ ಯಾರೂ ತೆರೆದಿರಲಿಲ್ಲ. ಸಂಘವನ್ನು ಉಳಿಸಿದ್ದು ಅಲ್ಲಿನ ಹಿರಿಯ ಗುಮಾಸ್ತೆ. ಅವರು ಪ್ರತಿ ಸಂಜೆ ದಿನವಹಿ ಮುದ್ರಿಸಿ, ತೂತು ಹೊಡೆದು, ಟ್ವೈನ್ ದಾರದಲ್ಲಿ ಕಟ್ಟಿಡುತ್ತಿದ್ದರು. ಆ ಕಟ್ಟು ಬಿಚ್ಚಿ ಪಿಗ್ಮಿ ಠೇವಣಿಯ ಒಂದೊಂದೇ ನಮೂದನ್ನು ಸಿಬ್ಬಂದಿಯೆಲ್ಲ ರಾತ್ರಿಯವರೆಗೆ ಕುಳಿತು ಮತ್ತೆ ತುಂಬಿದರು. ಒಂದು ಇಮೇಲ್ ವಿಳಾಸ ಬದಲಿಸಿದ್ದರೆ ಸಾಕಿತ್ತು, ಸ್ವಾಮಿ!

ಈಗ ಬೇಗಬೇಗ ಹೇಳುತ್ತೇನೆ. ಸ್ಮಾರ್ಟ್ ಪಟ್ಟಿಯನ್ನು ತೋರಿಸುವ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ತಂತ್ರಾಂಶ ಉಚಿತ. ಅದರಲ್ಲಿ ಸದಾ ಹಿನ್ನೆಲೆಯಲ್ಲಿ ಓಡುವ ಸ್ಮಾರ್ಟ್‌ಡಿ ಎಂಬ ಭಾಗ ಸಾಮಾನ್ಯವಾಗಿ ಪ್ರತಿ 30 ನಿಮಿಷಕ್ಕೊಮ್ಮೆ ಡಿಸ್ಕನ್ನು ವಿಚಾರಿಸಿ, ತೊಂದರೆ ಕಂಡರೆ ಇಮೇಲ್ ಕಳಿಸುತ್ತದೆ. ಇಬ್ಬರ ವಿಳಾಸ ಕೊಡಿ. ಪರೀಕ್ಷಾ ಪತ್ರ ಕಳಿಸುವ ಸೌಲಭ್ಯವೂ ಇದೆ. ಕಳಿಸಿ, ಅದು ಬಂತೇ ಎಂದು ಕಣ್ಣಾರೆ ನೋಡಿ. ಹಾಕಿದ್ದೇವೆ, ಬರುತ್ತದೆ ಎಂಬ ನಂಬಿಕೆ ಬೇಡ. ಯಾರಿಗಾದರೂ ವರ್ಗವಾದರೆ ಬೀಗದ ಕೈ ಒಪ್ಪಿಸುವ ಪಟ್ಟಿಯಲ್ಲಿಯೇ ಈ ವಿಳಾಸದ ಬದಲಾವಣೆಯನ್ನೂ ಬರೆಯಿರಿ.

ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಮಾಹಿತಿ ಇಡುವ ಡಿಸ್ಕ್, ಇದ್ದವರು ಅದೇ ಸ್ಮಾರ್ಟ್ ಲೆಕ್ಕದಲ್ಲಿ ಸವೆತದ ಶೇಕಡಾವಾರು ನೋಡಿ. ಸೂಚನೆಯೇ ಕೊಡದೆ ಸಾಯುವ ಡಿಸ್ಕ್‌ಗಳೂ ಉಂಟು, ಅವಕ್ಕೆ ಬ್ಯಾಕಪ್ ಒಂದೇ ದಾರಿ. ಅದಕ್ಕೆ ಬೇರೆಯೇ ಭಾಷಣ ಬೇಕು. ಸದ್ಯಕ್ಕೆ ನಾಳೆ ಬೆಳಿಗ್ಗೆ ಕಚೇರಿ ತೆರೆದೊಡನೆ ಆ ಪರೀಕ್ಷಾ ಪತ್ರ ಕಳಿಸಿ. ನಮಸ್ಕಾರ.