ಗ್ರಿಡ್ ತೂಗಾಡಿದರೆ ಎಲ್ಲಿ ಹಿಡಿಯಬೇಕು?

[ತಾರಸಿ, ಬೆಳಗ್ಗೆ. ಬಟ್ಟೆ ಒಣಹಾಕುವ ಹಗ್ಗ.]

ನಮಸ್ಕಾರ. ಜಯನಗರದ ನಮ್ಮ ಮನೆ ತಾರಸಿ ಇದು. ಬಟ್ಟೆ ಹಗ್ಗದ ಒಂದು ತುದಿ ಬಿಚ್ಚಿ ಅಲ್ಲಾಡಿಸುತ್ತಿದ್ದೇನೆ. ನೋಡಿ, ಹಗ್ಗಕ್ಕೆ ಎರಡು ಉಬ್ಬು ಬಂತು. ಸರಿಯಾಗಿ ನಡುವಿನ ಜಾಗ ಮಾತ್ರ ಸುಮ್ನೆ ನಿಂತಿದೆ.

[ಹತ್ತಿರದಿಂದ: ತಂಗಿಯ ಬೆರಳು.]

ತಂಗಿ ಆ ನಡುವಿಗೆ ಮೆಲ್ಲಗೆ ಬೆರಳು ತಾಗಿಸಿದಳು. ಏನೂ ಆಗಲಿಲ್ಲ. ಉಬ್ಬಿನ ಮೇಲೆ ತಾಗಿಸಿದಳು. ಕುಣಿತ ಕೆಟ್ಟೇ ಹೋಯಿತು.

ವಿದ್ಯುತ್ ಗ್ರಿಡ್ಡೂ, ಅಂದರೆ ಜನರೇಟರ್, ಲೈನ್ ಎಲ್ಲ ಸೇರಿದ ದೊಡ್ಡ ಜಾಲವೂ, ಹೀಗೇ ಕುಣಿಯುತ್ತದೆ. ದಕ್ಷಿಣದ ಗ್ರಿಡ್ ಮೇಲೆ ಕಣ್ಣಿಡುವ ಲೋಡ್ ಡಿಸ್‌ಪ್ಯಾಚ್ ಕೇಂದ್ರ ಇರುವುದು ನಮ್ಮ ಬೆಂಗಳೂರಲ್ಲೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಜೋಡಿಸಿದರು. ಆಗ ದಕ್ಷಿಣವೂ ದೇಶದ ಉಳಿದ ಗ್ರಿಡ್‌ನ 50 ಹರ್ಟ್ಸ್ ತಾಳಕ್ಕೆ, ಅಂದರೆ ಸೆಕೆಂಡಿಗೆ 50 ಸುತ್ತಿನ ತಾಳಕ್ಕೆ, ಸೇರಿತು.

ಒಂದು ಕಡೆಯ ಜನರೇಟರ್‌ಗಳು ಚೂರು ಮುಂದೆ ಓಡಿ, ಇನ್ನೊಂದು ಕಡೆಯವು ಹಿಂದೆ ಬಿದ್ದರೆ ವಿದ್ಯುತ್ ಲೈನಿನಲ್ಲಿ ಅತ್ತಿತ್ತ ತೂಗಾಡುತ್ತದೆ. ಸಾಮಾನ್ಯವಾಗಿ ಅದು ತಾನಾಗೇ ಅಡಗುತ್ತದೆ. ಒಂದೊಂದು ಸಲ ಅಡಗುವ ಬದಲು ಬೆಳೆಯುತ್ತದೆ. ಅಸ್ಥಿರತೆ ಅಂದರೆ ಇದೇ. 1996ರ ಆಗಸ್ಟ್ 10ರಂದು ಅಮೆರಿಕದ ಪಶ್ಚಿಮ ಭಾಗದಲ್ಲಿ, ಸುಮಾರು 4 ಸೆಕೆಂಡಿಗೆ ಒಂದರಂತೆ, ತೂಗಾಟ ಬೆಳೆಯುತ್ತಾ ಹೋಗಿ ಗ್ರಿಡ್ ಹೋಳುಹೋಳಾಯಿತು. ಸುಮಾರು 75 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು.

ಇದನ್ನು ಅಡಗಿಸಲು ಜನರೇಟರ್‌ಗೆ ಪವರ್ ಸಿಸ್ಟಮ್ ಸ್ಟೆಬಿಲೈಜರ್ ಇರುತ್ತದೆ. ವೇಗದ ಏರಿಳಿತ ನೋಡಿಕೊಂಡು, ಅದರ ತಿರುಗುವ ಭಾಗವಾದ ರೋಟರ್‌ಗೆ ಕೊಡುವ ಕರೆಂಟನ್ನು ಸರಿಯಾದ ಹೊತ್ತಿಗೆ ಏರಿಸುತ್ತದೆ, ಇಳಿಸುತ್ತದೆ. ಆದರೆ ಯಾವ ಜನರೇಟರ್‌ನದ್ದನ್ನು ಮೊದಲು ಶ್ರುತಿ ಮಾಡಬೇಕು?

ಎಲ್ಲಕ್ಕಿಂತ ದೊಡ್ಡದನ್ನು ಅನ್ನಿಸುತ್ತದೆ, ಅಲ್ವಾ? ಆದರೆ ಬೆಳೆಯುತ್ತಿರುವ ತೂಗಾಟದಲ್ಲಿ ಅದು ಹಗ್ಗದ ನಡುವಿನ ಹಾಗೆ ಸುಮ್ನೆ ನಿಂತಿರಬಹುದು. ಎಂಜಿನಿಯರ್‌ಗಳು ಬೆಳೆಯುತ್ತಿರುವ ಆ ಒಂದೇ ತೂಗಾಟವನ್ನು ಲೆಕ್ಕದಲ್ಲಿ ಬೇರೆ ತೆಗೆಯುತ್ತಾರೆ. ಆಮೇಲೆ ಪ್ರತಿ ಜಾಗಕ್ಕೂ ಎರಡು ಅಂಕಿ ಹಾಕುತ್ತಾರೆ: ತೂಗಾಟ ಅಲ್ಲಿ ಎಷ್ಟು ಕಾಣುತ್ತದೆ, ಅಲ್ಲಿ ತಳ್ಳಿದರೆ ತೂಗಾಟಕ್ಕೆ ಎಷ್ಟು ನಾಟುತ್ತದೆ. ಹಗ್ಗದಲ್ಲಿ ಎರಡೂ ಒಂದೇ. ಗ್ರಿಡ್‌ನಲ್ಲಿ ಹಾಗಿರಬೇಕಾಗಿಲ್ಲ. ಈ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ: ಕಣ್ಣಿಗೆ ಬೀಳುವ ಜಾಗವೇ ಕೈ ಹಾಕಬೇಕಾದ ಜಾಗ ಅಲ್ಲದಿರಬಹುದು.

ಪ್ರಶ್ನೆ ಸ್ವಲ್ಪ ಬೇರೆಯಾದರೂ, 2011ರಲ್ಲಿ ಲಿಯು, ಸ್ಲಾಟೀನ್, ಬರಬಾಸಿ ಎಂಬ ಸಂಶೋಧಕರು ಹಲವು ಬಗೆಯ ಜಾಲಗಳನ್ನು ಪರೀಕ್ಷಿಸಿದಾಗ, ಇಡೀ ಜಾಲದ ಹತೋಟಿಗೆ ಕೈ ಹಾಕಬೇಕಾದ ಬಿಂದುಗಳು ಹೆಚ್ಚು ಸಂಪರ್ಕ ಇರುವ ಕಡೆ ಕಡಿಮೆಯೇ ಸಿಕ್ಕವು. ಬಿಂದು ತೀರಾ ಕಡಿಮೆ ಮಾಡಿದರೂ ಕಷ್ಟ. ಹಾಕಬೇಕಾದ ಬಲ ವಿಪರೀತ ಏರುತ್ತದೆ.

ಇನ್ನೊಂದು ಮಾತು. ಒಂದು ದೊಡ್ಡ ಲೈನ್ ಟ್ರಿಪ್ ಆದರೆ ತೂಗಾಟದ ಆಕಾರವೇ ಬದಲಾಗಬಹುದು. ಆಗ ಲೆಕ್ಕ ಮೊದಲಿಂದ.

[ಮತ್ತೆ ಹಗ್ಗ.]

ಈಗ ಇನ್ನೂ ಬೇಗ ಅಲ್ಲಾಡಿಸುತ್ತೇನೆ. ಮೂರು ಉಬ್ಬು ಬಂತು. ಆಗ ಸುಮ್ನೆ ನಿಂತಿದ್ದ ನಡುವೇ ಈಗ ಜೋರಾಗಿ ಕುಣಿಯುತ್ತಿದೆ. ಅಲ್ಲೇ ಬೆರಳಿಡಮ್ಮ, ನೋಡೋಣ.

[ಹಗ್ಗದ ಕುಣಿತ ಕೆಡುತ್ತದೆ.]