ಕೇಳಿ ತರುವುದಲ್ಲ, ತರಲೇಬೇಡಿ

ಕೇಳುಗರಿಗೆ ನಮಸ್ಕಾರ. ಪರಿಸರದ ಮಾತುಕತೆ ಎಂದಾಗ ಆಫ್ರಿಕಾದ ಸರ್ಕಾರಗಳು ಒಟ್ಟಾಗಿ ಕೂರುವುದೇಕೆ? ಹೊರಗಿನ ವಿಷತ್ಯಾಜ್ಯವನ್ನು ತಡೆಯಲು ಅವು ಮಾಡಿಕೊಂಡ ಬಮಾಕೊ ಒಪ್ಪಂದವನ್ನೇ ನೋಡಿ. ಅದು ಏಕೆ ಬೇಕಾಯಿತೆಂದು ಕೊಕೊದ ಕಥೆ ಕೇಳಿದರೆ ತಿಳಿಯುತ್ತದೆ.

ಕೊಕೊ ನೈಜೀರಿಯದ ಪುಟ್ಟ ನದಿ ಬಂದರು. 1987-88ರಲ್ಲಿ ಇಟಲಿಯಿಂದ ಸಾವಿರಾರು ಪೀಪಾಯಿಗಳು ಬಂದು ಅಲ್ಲಿಳಿದವು. ಕಾಗದದಲ್ಲಿ ಕಟ್ಟಡ ಕೆಲಸದ ಸಾಮಗ್ರಿ. ಒಳಗೆ ಕಾರ್ಖಾನೆಗಳ ವಿಷ, ಪಿಸಿಬಿ ಎಂಬ ವಿಷಕಾರಿ ರಾಸಾಯನಿಕವೂ ಸೇರಿ. ಇರಿಸಿಕೊಂಡ ಹಿತ್ತಿಲಿನ ಯಜಮಾನನಿಗೆ ಬಾಡಿಗೆ ಎಷ್ಟು ಗೊತ್ತೆ? ತಿಂಗಳಿಗೆ ಸುಮಾರು 100 ಡಾಲರ್! ಪೀಪಾಯಿಗಳು ಬಿಸಿಲಿಗೆ ಉಬ್ಬಿದವು, ಸೋರಿದವು. ಇಟಲಿಯಲ್ಲಿ ಓದುತ್ತಿದ್ದ ನೈಜೀರಿಯದ ವಿದ್ಯಾರ್ಥಿಗಳು ಸುದ್ದಿ ಮುಟ್ಟಿಸಿದ ಮೇಲೆಯೇ ಆಗಿನ ರಾಜಧಾನಿ ಲಾಗೋಸ್ ಎಚ್ಚೆತ್ತದ್ದು. ರಾಯಭಾರಿಯನ್ನು ವಾಪಸ್ ಕರೆಸಿದರು, ಇಟಲಿಯ ಹಡಗೊಂದನ್ನು ತಡೆದಿಟ್ಟರು. ಕೊನೆಗೆ 'ಕರಿನ್ ಬಿ' ಹಡಗು ವಿಷವನ್ನು ಹೇರಿಕೊಂಡು ಹೊರಟರೆ, ಯುರೋಪಿನ ಬಂದರುಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ತಾವೇ ಕಳಿಸಿದ ಕಸ, ತಮಗೇ ಬೇಡ!

ಅಪಾಯಕಾರಿ ತ್ಯಾಜ್ಯವನ್ನು ದೇಶದಿಂದ ದೇಶಕ್ಕೆ ಸಾಗಿಸುವ ಬಗ್ಗೆ 1989ರ ಅಂತರರಾಷ್ಟ್ರೀಯ ಬಾಸೆಲ್ ಒಪ್ಪಂದ ಹೇಳಿದ್ದು: ಕಳಿಸುವ ದೇಶ ಮೊದಲೇ ಬರೆದು ತಿಳಿಸಲಿ, ಪಡೆಯುವ ದೇಶ ಬರೆದು ಒಪ್ಪಲಿ. ಕೇಳಲು ಚೆಂದ. ಆದರೆ ಗಿನಿ ಬಿಸಾವುವಿನಂಥ ಬಡ ದೇಶಕ್ಕೆ 1.5 ಕೋಟಿ ಟನ್ ವಿಷತ್ಯಾಜ್ಯ ತೆಗೆದುಕೊಂಡರೆ 60 ಕೋಟಿ ಡಾಲರ್ ಕೊಡುತ್ತೇವೆಂದು ಬಂದವರಿದ್ದರು. ಅಷ್ಟು ದುಡ್ಡಿನ ಮುಂದೆ ಒಪ್ಪಿಗೆ ಎಷ್ಟು ಹೊತ್ತಿನದು? ಕೇಳಿ ತರುವುದಲ್ಲ, ತರಲೇಬೇಡಿ ಎನ್ನಬೇಕು. ಎಲ್ಲರೂ ಒಟ್ಟಿಗೆ ಎನ್ನಬೇಕು. ಒಬ್ಬ ಬೇಡವೆಂದರೆ ಹಡಗು ಪಕ್ಕದ ಬಂದರಿಗೆ ತಿರುಗುತ್ತದೆ, ಅಷ್ಟೆ.

1991ರ ಜನವರಿ 30ರಂದು ಮಾಲಿಯ ರಾಜಧಾನಿ ಬಮಾಕೊದಲ್ಲಿ ಆಫ್ರಿಕಾದ ದೇಶಗಳು ಹಾಗೆಯೇ ಅಂದವು. ಅದೇ ಬಮಾಕೊ ಒಪ್ಪಂದ. ಆಫ್ರಿಕಾದ ಹೊರಗಿನಿಂದ ಅಪಾಯಕಾರಿ ತ್ಯಾಜ್ಯದ ಆಮದು ಪೂರ್ತಿ ನಿಷೇಧ. ಬಾಸೆಲ್ ಹೊರಗಿಟ್ಟಿದ್ದ ವಿಕಿರಣ ತ್ಯಾಜ್ಯವೂ ಸೇರಿತು. ಸಮುದ್ರಕ್ಕೆ ಸುರಿಯುವಂತಿಲ್ಲ, ಸಮುದ್ರದ ಮೇಲೆ ಸುಡುವಂತಿಲ್ಲ. ಹತ್ತು ದೇಶಗಳು ಅನುಮೋದಿಸಿ ಅದು ಜಾರಿಗೆ ಬರುವ ಹೊತ್ತಿಗೆ 1998.

ಕೊಕೊ ಸಮಯವನ್ನೆಲ್ಲ ತಿಂದಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. 2006ರ ಆಗಸ್ಟಿನಲ್ಲಿ ಐವರಿ ಕೋಸ್ಟಿನ ಅಬಿಜಾನ್ ನಗರದ ಸುತ್ತ, ಹಡಗೊಂದು ತಂದ ವಿಷವನ್ನು ಟ್ಯಾಂಕರ್ ಲಾರಿಗಳು ರಾತ್ರೋರಾತ್ರಿ ಸುರಿದವು. ಐವರಿ ಕೋಸ್ಟ್ ಆಗಲೇ ಬಮಾಕೊ ಒಪ್ಪಂದದ ಸದಸ್ಯ! 'ಹಡಗು ತೊಳೆದ ನೀರು' ಎಂಬ ಹೆಸರಿನಲ್ಲಿ ಬಂದದ್ದು ಅದು. ಅದಕ್ಕೂ ಮೊದಲು ಆಮ್‌ಸ್ಟರ್‌ಡಾಮಿನಲ್ಲಿ ದುರ್ವಾಸನೆ ಹೊಡೆದು ವಿಲೇವಾರಿ ಶುಲ್ಕ ಏರಿಸಿದಾಗ, ಅದನ್ನೇ ಮರಳಿ ತುಂಬಿಕೊಂಡು ಹೊರಟ ಹಡಗು ಅದು. ಇಂಥದ್ದನ್ನು ಹಿಡಿಯಲು ಬಂದರಿನಲ್ಲೇ ಮಾದರಿ ತೆಗೆದು ಪರೀಕ್ಷಿಸುವ ಪ್ರಯೋಗಾಲಯ ಬೇಕು. ಅಕ್ರಮ ಸರಕಿನ ಸುದ್ದಿ ಎಲ್ಲ ಸದಸ್ಯರಿಗೂ ಕೂಡಲೇ ಮುಟ್ಟಬೇಕು. ಸುದ್ದಿ ಮುಟ್ಟಿಸುವ ಮಾತು ಒಪ್ಪಂದದ ನಾಲ್ಕನೇ ವಿಧಿಯಲ್ಲೇ ಬರೆದಿದೆ. ಆದರೆ ಸದಸ್ಯ ದೇಶಗಳು ಮೊದಲ ಬಾರಿ ಸಭೆ ಕೂಡಿದ್ದು 2013ರಲ್ಲಿ, ಜಾರಿಯಾಗಿ 15 ವರ್ಷದ ಮೇಲೆ. ನಮಸ್ಕಾರ.