ಕಲಿಸಲಾಗದ ಆಟವನ್ನು ಕಲಿಸಿದ ಫಾಗ್ ಅಲೆನ್

ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ನಗರದಲ್ಲಿರುವ ಅಲೆನ್ ಫೀಲ್ಡ್‌ಹೌಸ್. 1955ರ ಮಾರ್ಚ್ 1ರಂದು ಆರಂಭವಾದ ಈ ಒಳಾಂಗಣ ಕ್ರೀಡಾಂಗಣಕ್ಕೆ ಇಟ್ಟಿರುವುದು ಶಿಷ್ಯನ ಹೆಸರು. ಅದರ ಮುಂದಿನ ರಸ್ತೆಗೂ ಒಳಗಿನ ಅಂಕಣಕ್ಕೂ ಇರುವುದು ಗುರುವಿನ ಹೆಸರು. ಗುರು ಜೇಮ್ಸ್ ನೇಸ್ಮಿತ್, 1891ರ ಡಿಸೆಂಬರ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದವರು. ಶಿಷ್ಯ ಫಾರೆಸ್ಟ್ ಅಲೆನ್. ಬೇಸ್‌ಬಾಲ್ ಅಂಪೈರ್ ಆಗಿದ್ದಾಗ ಹಡಗಿನ ಕಹಳೆಯಂತೆ (ಫಾಗ್‌ಹಾರ್ನ್) ಮೊಳಗುತ್ತಿದ್ದ ಅವರ ದನಿಯಿಂದಾಗಿ ‘ಫಾಗ್’ ಎಂಬ ಅಡ್ಡಹೆಸರು ಅವರಿಗೆ ಜೀವನಪೂರ್ತಿ ಅಂಟಿಕೊಂಡಿತು.

ನೇಸ್ಮಿತ್ 1898ರಲ್ಲಿ ಇದೇ ಲಾರೆನ್ಸ್‌ನ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದು, 1907ರವರೆಗೆ ಅಲ್ಲಿನ ತಂಡವನ್ನು ನೋಡಿಕೊಂಡರು. ಗೆದ್ದದ್ದು 55 ಪಂದ್ಯ, ಸೋತದ್ದು 60. ಆಟವನ್ನು ಕಂಡುಹಿಡಿದವರಿಗೇ ಗೆಲುವಿಗಿಂತ ಸೋಲು ಹೆಚ್ಚಾಯಿತಲ್ಲ ಎಂದು ನಗುವವರಿದ್ದಾರೆ. ಆದರೆ ಅವರಿಗೆ ಇದು ದೇಹ ಮತ್ತು ನಡತೆಯನ್ನು ತಿದ್ದುವ ವ್ಯಾಯಾಮವಾಗಿತ್ತೇ ಹೊರತು, ಗೆಲುವಿನ ಲೆಕ್ಕವಿಡುವ ವೃತ್ತಿಯಾಗಿರಲಿಲ್ಲ. ಹತ್ತಿರದ ಬೇಕರ್ ವಿಶ್ವವಿದ್ಯಾಲಯವು, ನೇಸ್ಮಿತ್ ತಂಡದಲ್ಲಿ ಆಡಿದ್ದ ಅಲೆನ್ ಅವರನ್ನು ಕೋಚ್ ಆಗಿ ಕರೆದಾಗ, ಈ ಆಟವನ್ನು ಯಾರೂ ಕಲಿಸಲಾರರು, ಆಡಬೇಕಷ್ಟೇ ಎಂದು ನೇಸ್ಮಿತ್ ನಕ್ಕರಂತೆ. ಅಲೆನ್ ಅವರ ಮುಂದಿನ ಐದು ದಶಕಗಳ ಬದುಕನ್ನು ಆ ಮಾತಿಗೆ ಕೊಟ್ಟ ಸುದೀರ್ಘ ಉತ್ತರವೆಂದೇ ನಾನು ಓದುತ್ತೇನೆ.

ಕೆಲಕಾಲ ಕೋಚ್ ಆಗಿದ್ದ ಅಲೆನ್, ನಡುವೆ ಆಸ್ಟಿಯೋಪತಿ ಎಂಬ, ಮೂಳೆ-ಸ್ನಾಯುಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ವೈದ್ಯಪದ್ಧತಿಯನ್ನು ಓದಿದರು. ಆಟಗಾರರ ಉಳುಕು, ಬೆನ್ನುನೋವುಗಳಿಗೆ ತಾವೇ ಚಿಕಿತ್ಸೆ ನೀಡುತ್ತಿದ್ದುದರಿಂದ ಹುಡುಗರೆಲ್ಲ ಅವರನ್ನು ‘ಡಾಕ್’ ಎಂದು ಕರೆಯುತ್ತಿದ್ದರು. ನೆರೆಯ ಮಿಸೌರಿ ರಾಜ್ಯದ ವಾರೆನ್ಸ್‌ಬರ್ಗ್‌ನ ಶಿಕ್ಷಕರ ಕಾಲೇಜಿನಲ್ಲಿ ಕೆಲವು ವರ್ಷ ಕಳೆದು, 1919ರಲ್ಲಿ ಕಾನ್ಸಾಸ್‌ಗೆ ಮರಳಿದವರು 1956ರವರೆಗೆ ಅಲ್ಲಿಂದ ಕದಲಲಿಲ್ಲ.

ಅವರ ಪ್ರಶಸ್ತಿಗಳಿಗಿಂತ 1927ರ ಜಗಳವೇ ನನಗೆ ದೊಡ್ಡದಾಗಿ ಕಾಣುತ್ತದೆ. ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವ ಡ್ರಿಬಲ್ ಅನ್ನು ಒಂದೇ ಪುಟಿತಕ್ಕೆ ಸೀಮಿತಗೊಳಿಸಲು ನಿಯಮ ಸಮಿತಿಯು ಹೊರಟಾಗ, ಅಲೆನ್ ಕೋಚ್‌ಗಳನ್ನು ಒಟ್ಟುಗೂಡಿಸಿ ಪ್ರತಿಭಟಿಸಿದರು. ಬದಲಾವಣೆ ಕೈಬಿಟ್ಟುಹೋಯಿತು, ಕೋಚ್‌ಗಳ ರಾಷ್ಟ್ರೀಯ ಸಂಘ ಹುಟ್ಟಿತು, ಅಲೆನ್ ಅದರ ಮೊದಲ ಅಧ್ಯಕ್ಷರಾದರು. ಇಂದು ಯಾವ ಊರಿನ ಅಂಕಣದಲ್ಲಿ ನಿಂತು ನೋಡಿದರೂ ಮೊದಲು ಕಿವಿಗೆ ಬೀಳುವ ಸದ್ದು ಉಳಿದುಕೊಂಡದ್ದು ಹೀಗೆ. ಬ್ಯಾಸ್ಕೆಟ್‌ಬಾಲ್ ಅನ್ನು ಒಲಿಂಪಿಕ್ಸ್‌ಗೆ ಸೇರಿಸಲು ಪಟ್ಟು ಹಿಡಿದವರಲ್ಲಿಯೂ ಅವರು ಮುಂಚೂಣಿಯಲ್ಲಿದ್ದರು. 1936ರಲ್ಲಿ ಅದು ಬರ್ಲಿನ್‌ನಲ್ಲಿ ಕೈಗೂಡಿದಾಗ, ವೃದ್ಧ ನೇಸ್ಮಿತ್ ಅಲ್ಲಿಗೆ ಹೋಗಲೆಂದು ಅದೇ ಸಂಘವು ಹಣ ಕೂಡಿಸಿತು. ಕಲಿಸಲಾಗದು ಎಂದಿದ್ದ ಗುರುವಿನ ಪಯಣಕ್ಕೆ ಕಲಿಸುವವರೇ ನೆರವಾದರು.

ಈ ಕತೆಗೆ ಕಪ್ಪು ಪುಟವೂ ಇದೆ. 1930ರ ದಶಕದಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ವಿದ್ಯಾರ್ಥಿ ಇಲ್ಲಿ ನೇಸ್ಮಿತ್ ಅವರ ಶಿಷ್ಯನಾಗಿದ್ದರೂ, ಅಲೆನ್ ಅವರ ತಂಡವು ಬಿಳಿಯರಿಗಷ್ಟೇ ಮೀಸಲಾಗಿದ್ದುದರಿಂದ ಅದರಲ್ಲಿ ಆಡಲಾಗಲಿಲ್ಲ. ಅದೇ ಮೆಕ್‌ಲೆಂಡನ್ ಮುಂದೆ ಟೆನೆಸೀ ಎ ಅಂಡ್ ಐ ವಿಶ್ವವಿದ್ಯಾಲಯ ತಂಡದ ಕೋಚ್ ಆಗಿ, 1957ರಿಂದ 1959ರವರೆಗೆ ಸತತ ಮೂರು ಬಾರಿ ಎನ್‌ಎಐಎ ಎಂಬ ಕಾಲೇಜು ಕ್ರೀಡಾ ಸಂಘದ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅಲೆನ್ ಅವರನ್ನು ಹೊಗಳುವಾಗ ಇದನ್ನು ಬದಿಗೆ ಸರಿಸುವುದು ನ್ಯಾಯವಲ್ಲ.

1952ರಲ್ಲಿ ಸಿಯಾಟಲ್‌ನಲ್ಲಿ ನಡೆದ, ಅಮೆರಿಕದ ಮತ್ತೊಂದು ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎಯ ಫೈನಲ್‌ನಲ್ಲಿ ಕಾನ್ಸಾಸ್ ತಂಡವು ಸೇಂಟ್ ಜಾನ್ಸ್ ತಂಡವನ್ನು 80–63ರಿಂದ ಮಣಿಸಿತು. ಅದರಲ್ಲಿ 33 ಅಂಕಗಳು ಕ್ಲೈಡ್ ಲವ್‌ಲೆಟ್ ಒಬ್ಬರದೇ. ಅದೇ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಅಲೆನ್ ಅವರ ಏಳು ಹುಡುಗರಿದ್ದರು.

ನಾಲ್ಕು ವರ್ಷಗಳ ನಂತರ, ಎಪ್ಪತ್ತು ತುಂಬಿದ ಕಾರಣಕ್ಕೆ, ಕಡ್ಡಾಯ ನಿವೃತ್ತಿಯ ನಿಯಮ ಅವರನ್ನು ಮನೆಗೆ ಕಳುಹಿಸಿತು. ತಾವೇ ಒಲಿಸಿ ಕರೆತಂದಿದ್ದ ಏಳಡಿ ಎತ್ತರದ ವಿಲ್ಟ್ ಚೇಂಬರ್ಲಿನ್‌ನನ್ನು ಮುಖ್ಯ ತಂಡದಲ್ಲಿ ಆಡಿಸುವ ಭಾಗ್ಯ ಅವರಿಗಿರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಆಗ ಮುಖ್ಯ ತಂಡದಲ್ಲಿ ಅವಕಾಶವಿರಲಿಲ್ಲ. ವಿಲ್ಟ್ ಆಡಿದ 1957ರ ಎನ್‌ಸಿಎಎ ಫೈನಲ್‌ನಲ್ಲಿ, ಮೂರು ಹೆಚ್ಚುವರಿ ಅವಧಿಗಳ ನಂತರ, ನಾರ್ತ್ ಕೆರೊಲಿನಾ ಎದುರು ಕಾನ್ಸಾಸ್ ಸೋತದ್ದು ಒಂದೇ ಅಂಕದಿಂದ, 54–53. ನಾರ್ತ್ ಕೆರೊಲಿನಾದ ಕೋಚ್ ಹುದ್ದೆಗೆ 1961ರಲ್ಲಿ ಬಂದವರು, 1952ರಲ್ಲಿ ಅಲೆನ್ ಅವರ ತಂಡದ ಬದಲಿ ಆಟಗಾರನಾಗಿದ್ದ ಡೀನ್ ಸ್ಮಿತ್. ಅವರು ಅಲ್ಲಿ 36 ವರ್ಷ ಇದ್ದು 879 ಪಂದ್ಯಗಳನ್ನು ಗೆದ್ದುಕೊಟ್ಟರು.